ದೀಪ ಹಚ್ಚಿದ ಮೇಲೆ ಸುಣ್ಣ

ನಮ್ಮಪ್ಪನ ಸಾಲೆಯ ಮಕ್ಕಳು ಮಗ್ಗಿ ಹೇಳುವುದರಲ್ಲಿ ಕಲ್ಲೋಳಿಗೆಲ್ಲ ಹೆಸರಾಗಿದ್ದರು. ಮೂಡಲಗಿ ಸಂತೆಯಲ್ಲಿ ಕೂಡ ಅವರ ಮಾತು ಬರುತ್ತಿತ್ತಂತೆ. ಅಪ್ಪನಿಗೆ ಲೆಕ್ಕದ ಮೇಲೆ ಅಷ್ಟು ಪ್ರೀತಿ ಎಂದು ಊರು ತಿಳಿದಿತ್ತು. ಶುದ್ಧ ಸುಳ್ಳು. ಅಪ್ಪನಿಗೆ ಲೆಕ್ಕವೆಂದರೆ ತಲೆನೋವು. ಅವನ ಜೀವವೆಲ್ಲ ಹಳೆಯ ಕಾಲದ ಸುದ್ದಿಯಲ್ಲಿ, ರಾಜರು ದಂಡು ಲೂಟಿಗಳಲ್ಲಿ ಇತ್ತು. ಮಗ್ಗಿಗೆ ಕಾರಣ ಬೇರೆ. ಸಾಲೆ ನಡೆಯುತ್ತಿದ್ದುದು ನಮ್ಮ ಮನೆಯ ಪಡಸಾಲೆಯಲ್ಲಿ. ಮುಂದಿನ ತಗ್ಗಿನಲ್ಲಿ ಎತ್ತು ಕಟ್ಟುತ್ತಿದ್ದರು, ಅದಕ್ಕೆ ಹೊಂದಿ ಎತ್ತರದ ಪಡಸಾಲೆ, ಅದರ ಹಿಂದೆ ಒಂದೇ ಬಾಗಿಲಿನ ನಡುಮನೆ, ಕೊನೆಗೆ ಕತ್ತಲು ತುಂಬಿದ ಅಡಿಗೆಮನೆ. ನಡುಮನೆಯಲ್ಲಿ ನಮ್ಮ ದೊಡ್ಡಪ್ಪ ದೊಡ್ಡವ್ವನನ್ನು ಹೊಡೆಯಲು ಸುರು ಮಾಡಿದ ಕೂಡಲೇ ಅಪ್ಪ ಕೈಯಲ್ಲಿದ್ದ ಪುಸ್ತಕ ಮುಚ್ಚಿ, ‘ಮಗ್ಗಿ ಹೇಳ್ರಿ, ಜೋರಾಗಿ’ ಎನ್ನುತ್ತಿದ್ದ. ಮಕ್ಕಳು ಗಂಟಲು ಹರಿಯುವಂತೆ ಒದರುತ್ತಿದ್ದರು. ಏಟಿನ ಸಪ್ಪಳ ಹೆಚ್ಚಾದರೆ ಅಪ್ಪ ಇನ್ನೂ ದೊಡ್ಡ ಮಗ್ಗಿಗೆ ಹೋಗುತ್ತಿದ್ದ. ಹೀಗೆ ನಮ್ಮ ಓಣಿಯ ಮಕ್ಕಳು ಲೆಕ್ಕದಲ್ಲಿ ಶಾಣ್ಯಾರಾದರು.

ಓದುವವರು ಅಪ್ಪನನ್ನು ಹೇಡಿ ಎನ್ನಬಹುದು. ನಾನೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದೆ. ಆದರೆ ಆ ಮನೆಯಲ್ಲಿ ಉಣ್ಣುವ ಜೋಳ ದೊಡ್ಡಪ್ಪನ ಹೊಲದ್ದು, ನೆತ್ತಿಯ ಮೇಲಿನ ಮಾಳಿಗೆ ದೊಡ್ಡಪ್ಪ ಮಣ್ಣು ಹಾಕಿಸಿದ್ದು. ಅಪ್ಪ ತಮ್ಮ, ಅವನು ಅಣ್ಣ. ಅಣ್ಣನೆದುರು ನಿಂತು ಮಾತಾಡಿದ ತಮ್ಮನನ್ನು ನಮ್ಮ ಓಣಿ ಆಗ ಕಂಡಿರಲಿಲ್ಲ. ದೊಡ್ಡಪ್ಪ ಎತ್ತಿಗೆ ಎಂದೂ ಬಾರಕೋಲು ಮುಟ್ಟಿಸಿದವನಲ್ಲ. ಹೊಲದಲ್ಲಿ ಗಳೆ ಹೊಡೆದು ಬಂದರೆ ಮೊದಲು ಎತ್ತಿನ ಮೈ ತಿಕ್ಕಿ, ಅದರ ಗಂಗೆದೊಗಲು ಸವರಿ, ‘ದಣದೀಯೇನೋ ಮಗನ’ ಎಂದು ಕೇಳಿಯೇ ಒಳಗೆ ಬರುತ್ತಿದ್ದ. ಆ ಬಾರಕೋಲು ಗೂಟಕ್ಕೆ ತೂಗುತ್ತಿದ್ದುದು ದೊಡ್ಡವ್ವನಿಗಾಗಿ. ರೊಟ್ಟಿ ಅಂಚಿನಲ್ಲಿ ಹಸಿ ಇದ್ದರೆ ಹೊಡೆತ, ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾದರೆ ಹೊಡೆತ, ಯಾವುದೂ ಇಲ್ಲದಿದ್ದರೆ ‘ಮಾರಿ ಯಾಕ ಹಂಗ ಮಾಡೀದಿ’ ಎಂದು ಹೊಡೆತ. ಮಕ್ಕಳಾಗಲಿಲ್ಲ ಎಂಬುದು ಎಲ್ಲ ಹೊಡೆತಗಳ ತಳದಲ್ಲಿ ಇತ್ತು. ಕೂದಲು ಹಿಡಿದು ಗೋಡೆಗೆ ತಲೆ ಬಡಿದ ಸಪ್ಪಳ ಹೇಗಿರುತ್ತದೆ ಎಂಬುದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತೆ. ಊಟಕ್ಕೆ ಕೂತಾಗ ದೊಡ್ಡವ್ವ ಒಡೆದ ತುಟಿಯಿಂದಲೇ ‘ಇನ್ನ ಅರ್ಧ ರೊಟ್ಟಿ ಹಾಕಲೇನ್ರಿ’ ಎಂದು ಅವನನ್ನು ಕೇಳುತ್ತಿದ್ದಳು. ಅವನು ಹಾಕಿಸಿಕೊಳ್ಳುತ್ತಿದ್ದ. ಆ ಅರ್ಧ ರೊಟ್ಟಿಯ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಹೊಡೆತ ತಿಂದ ಮೈಗೆ ನಮ್ಮ ಮನೆಯಲ್ಲಿ ಒಂದೇ ಮದ್ದು: ಅರಿಷಿಣ ಮತ್ತು ಸುಣ್ಣ. ನನ್ನ ಅವ್ವ ಎರಡನ್ನೂ ಕಲಸಿ, ಸೌಟಿನಲ್ಲಿ ಬಿಸಿ ಮಾಡಿ, ಬಾತ ಕಡೆಗೆ ಹಚ್ಚುತ್ತಿದ್ದಳು. ಕೆಂಪಗೆ ರಕ್ತದ ಬಣ್ಣವೇ ಬರುತ್ತಿತ್ತು. ಅರಿಷಿಣಕ್ಕೇನೂ ಬರವಿರಲಿಲ್ಲ, ಆದರೆ ಸುಣ್ಣ ಇರುತ್ತಿದ್ದುದು ದೊಡ್ಡಪ್ಪನ ಎಲೆಯಡಿಕೆಯ ಚಂಚಿಯಲ್ಲಿ, ಹಿತ್ತಾಳೆಯ ಪುಟ್ಟ ಡಬ್ಬಿಯಲ್ಲಿ. ಅವನು ಹೊರಗೆ ಹೋದಾಗ ಅವ್ವ ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಒಂದು ದಿನ ಅವನಿಗೆ ಅದು ತಿಳಿಯಿತು. ಅಂದಿನಿಂದ ಚಂಚಿಯನ್ನು ಸೊಂಟದಿಂದ ಇಳಿಸುವುದನ್ನೇ ಬಿಟ್ಟ. ಇನ್ನು ಉಳಿದದ್ದು ನೆರೆಮನೆಯ ಸುಣ್ಣ. ಅಲ್ಲಿ ನೀಲವ್ವ ಅಡ್ಡ ನಿಂತಿದ್ದಳು.

ನೀಲವ್ವ ನಮ್ಮ ಓಣಿಯ ದೆವ್ವ. ದೀಪ ಹಚ್ಚಿದ ಮೇಲೆ ಮುಖದ ಮೇಲೆ ಸೆರಗು ಎಳೆದುಕೊಂಡು ಬಾಗಿಲಿಗೆ ಬಂದು, ‘ಯವ್ವಾ, ತುಸು ಸುಣ್ಣ ಕೊಡವಾ’ ಎನ್ನುತ್ತಾಳೆ, ಕೊಟ್ಟವರ ಕೈ ಹಿಡಿದು ಎಳೆದೊಯ್ಯುತ್ತಾಳೆ. ಆದ್ದರಿಂದ ದೀಪ ಹಚ್ಚಿದ ಮೇಲೆ ನಮ್ಮ ಓಣಿಯಲ್ಲಿ ಯಾರೂ ಯಾರಿಗೂ ಸುಣ್ಣ ಕೊಡುತ್ತಿರಲಿಲ್ಲ. ಕೇಳಿದವರು ಗುರುತಿನವರೇ ಆಗಿದ್ದರೂ ಬಾಗಿಲು ಹಾಕಿ, ಹೊಸ್ತಿಲ ಮೇಲೆ ಕುಡಗೋಲು ಇಡುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ದೆವ್ವಕ್ಕೆ ಯಾಕೆ ಅಂಜಬೇಕು ಎಂದು ಅಪ್ಪ ಚೇಷ್ಟೆ ಮಾಡಿದರೆ ಓಣಿಯ ಹಿರಿಯರು, ಲಿಂಗ ಕೊರಳಲ್ಲಿ ಇರಲಿ, ಕುಡಗೋಲು ಹೊಸ್ತಿಲಲ್ಲಿ ಇರಲಿ ಎಂದು ನಗುತ್ತಿದ್ದರು. ಒಂದು ಸಂಜೆ ದೊಡ್ಡಪ್ಪ ಒನಕೆಯ ತುದಿಯಿಂದ ದೊಡ್ಡವ್ವನ ಬೆನ್ನಿಗೆ ಗುದ್ದಿ ಹೊರಗೆ ಹೋದ. ದೊಡ್ಡವ್ವ ಬಾಜೂ ಮನೆಯ ಬಾಗಿಲಿಗೆ ಹೋಗಿ ಸುಣ್ಣ ಕೇಳಿದಳು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ, ನಾನು ಅವನ ಪಕ್ಕದಲ್ಲಿದ್ದೆ. ಆ ಮನೆಯಾಕೆ ದಿನಾ ನಮ್ಮ ಮನೆಯ ಮಜ್ಜಿಗೆ ಒಯ್ಯುವವಳು.

“ದೀಪಾ ಹಚ್ಚೇವಿ ಗಂಗವ್ವಾ. ಇನ್ನ ಕೊಡಂಗಿಲ್ಲ, ನಿನಗ ಗೊತ್ತೈತಲ್ಲ.”

“ನಾ ಗಂಗವ್ವನ ಅದೇನಿ. ಮಾರಿ ನೋಡವಾ.”

“ನೋಡೇನಿ. ಖರೆ ಕೊಡಾಕ ಬರಂಗಿಲ್ಲ. ಮುಂಜಾನೆ ಬಾ.”

ಬಾಗಿಲು ಹಾಕಿಕೊಂಡಿತು. ಒಳಗಿನಿಂದ ಕಬ್ಬಿಣ ಕಲ್ಲಿಗೆ ತಾಗಿದ ಸಪ್ಪಳ ಬಂತು, ಕುಡಗೋಲು ಇಟ್ಟರು. ದೊಡ್ಡವ್ವ ಬೆನ್ನು ಬಾಗಿಸಿಕೊಂಡು ನಮ್ಮನ್ನು ದಾಟಿ ಒಳಗೆ ಹೋದಳು. ಅಪ್ಪ ಅವಳನ್ನು ನೋಡಲಿಲ್ಲ. ಮುಚ್ಚಿದ ಆ ಬಾಗಿಲನ್ನೇ ನೋಡುತ್ತ ಬಹಳ ಹೊತ್ತು ಕೂತ.

ಮರುದಿನ ಇಳಿಹೊತ್ತಿನ ಸಾಲೆಗೆ ಮಕ್ಕಳು ಬಂದು ಕೂತರು. ನಾನು ಹುಡುಗಿಯಾದ್ದರಿಂದ ನನ್ನ ಜಾಗ ನಡುಮನೆಯ ಬಾಗಿಲ ಹತ್ತಿರ, ಅರ್ಧ ಸಾಲೆಯಲ್ಲಿ ಅರ್ಧ ಮನೆಯಲ್ಲಿ. ಒಳಗೆ ದೊಡ್ಡಪ್ಪ ಬಂದು ಕೂತಿದ್ದ. ನೀರು ತರುವುದು ತಡವಾಯಿತೆಂದು ಅವನ ದನಿ ಏರತೊಡಗಿತ್ತು. ಮಕ್ಕಳು ರೂಢಿಯಂತೆ ಬೆನ್ನು ನೆಟ್ಟಗೆ ಮಾಡಿ ಮಗ್ಗಿಗೆ ತಯಾರಾದರು.

“ಇವತ್ತ ಮಗ್ಗಿ ಬ್ಯಾಡ,” ಎಂದ ಅಪ್ಪ. “ಪಾಟಿ ಕೆಳಗ ಇಡ್ರಿ. ನೀಲವ್ವನ ಕತಿ ಯಾರಿಗೆ ಬರತೈತಿ?”

ಎಲ್ಲರ ಕೈ ಮೇಲೆದ್ದವು. ಓಣಿಯ ತುದಿಯ ಕುರುಬರ ಮನೆಯ ಬೀರ ಎಂಬ ಹುಡುಗನನ್ನು ಅಪ್ಪ ಎಬ್ಬಿಸಿದ. ಬೀರ ಕತೆಯನ್ನು ಚಂದಾಗಿ ಹೇಳಿದ, ದೆವ್ವದ ದನಿಯನ್ನೂ ತೆಗೆದ. ಮಕ್ಕಳು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು.

“ಛಲೋ ಹೇಳಿದಿ. ಈಗ ನನಗೊಂದ ಹೇಳು. ಆಕಿ ಕೈ ಹಿಡದು ಎಳಕೊಂಡ ಹೋದದ್ದು ಯಾರನ್ನ? ಒಬ್ಬರ ಹೆಸರು ಹೇಳು.”

ಬೀರ ತಲೆ ಕೆರೆದುಕೊಂಡ.

“ಯಾರನ್ನೂ ಇಲ್ರಿ. ಯಾರೂ ಸುಣ್ಣ ಕೊಟ್ಟೇ ಇಲ್ಲಲ್ರಿ.”

ಮಕ್ಕಳು ನಕ್ಕರು. ಅಪ್ಪ ನಗಲಿಲ್ಲ. ಕತೆಯ ಹಿಂದಿನ ಕಾಲ ಯಾವುದು ಎಂದು ಹೇಳತೊಡಗಿದ. ಅದು ಪೇಶವೆಯರ ಆಳಿಕೆ ಮುಗಿಯುತ್ತಿದ್ದ ಕಾಲ. ಪೇಂಢಾರಿಗಳೆಂಬ ಕುದುರೆ ಲೂಟಿಗಾರರು ಊರೂರು ಸುಡುತ್ತಿದ್ದರು. ಸೊಂಟದ ಡಾಬು ಬಿಚ್ಚಿ ಕೊಡದ ಹೆಂಗಸರ ಸೊಂಟವನ್ನೇ ಕಡಿಯುತ್ತಿದ್ದರು, ಬಚ್ಚಿಟ್ಟದ್ದನ್ನು ತೋರಿಸದ ಗಂಡಸರ ಮುಖಕ್ಕೆ ಬಿಸಿ ಬೂದಿಯ ಚೀಲ ಕಟ್ಟುತ್ತಿದ್ದರು. ಅದಕ್ಕೆಂದೇ ದೀಪ ಹಚ್ಚಿದ ಮೇಲೆ ಬಾಗಿಲು ಹಾಕುವ, ಹೊಸ್ತಿಲ ಮೇಲೆ ಕುಡಗೋಲು ಇಡುವ ಪದ್ಧತಿ ಬಂತು. ಅಂಥ ಕಾಲದಲ್ಲಿ ಈ ಓಣಿಯ ಒಂದು ಮನೆಯಲ್ಲಿ ನೀಲವ್ವ ಎಂಬ ಹೆಣ್ಣುಮಗಳು ಇದ್ದಳು. ದೆವ್ವ ಅಲ್ಲ, ನೀರು ಹೊರುವ, ರೊಟ್ಟಿ ಬಡಿಯುವ ಹೆಣ್ಣುಮಗಳು. ಒಂದು ಸಂಜೆ ಗಂಡ ನೊಗದ ಗೂಟದಿಂದ ಬಡಿದು ಅವಳ ಪಕ್ಕೆಯ ಎಲುಬು ಮುರಿದ. ಅವಳು ಹೊರಗೆ ಬಿದ್ದು, ಬಾತ ಕಡೆಗೆ ಹಚ್ಚಿಕೊಳ್ಳಲು ಸುಣ್ಣ ಕೇಳುತ್ತ ಬಾಗಿಲಿಂದ ಬಾಗಿಲಿಗೆ ಹೋದಳು. ಯಾರೂ ತೆಗೆಯಲಿಲ್ಲ. ಬೆಳಗಾಗುವುದರಲ್ಲಿ ಒಂದು ಮನೆಯ ಕಟ್ಟೆಯ ಕೆಳಗೆ ಸತ್ತು ಬಿದ್ದಿದ್ದಳು.

“ಓಣಿ ಮಂದಿ ಏನಂದ್ರು ಗೊತ್ತೈತೇನ? ಪೇಂಢಾರಿ ಬಂದಾರಂತ ತಿಳದ್ವಿ ಅಂದ್ರು. ಪೇಂಢಾರಿ ಹೆಂಗಸರ ದನಿ ತಗದು ಸುಣ್ಣ ಕೇಳ್ತಾನೇನ? ಯಾರೂ ನಂಬಲಿಲ್ಲ. ಆವಾಗ ಇನ್ನೊಂದು ಹೇಳಿದ್ರು. ಬಂದಾಕಿ ನೀಲವ್ವ ಅಲ್ಲ, ನೀಲವ್ವ ಮೊದಲ ಸತ್ತಿದ್ಳು, ಬಂದದ್ದು ಆಕಿ ದೆವ್ವ ಅಂದ್ರು. ಇದನ್ನ ಎಲ್ಲಾರೂ ನಂಬಿದ್ರು. ಯಾಕ ಹೇಳ್ರಿ?”

ನಡುಮನೆಯಲ್ಲಿ ಕೊಡ ಉರುಳಿದ ಸಪ್ಪಳವಾಯಿತು, ಆಮೇಲೆ ಏಟಿನದು. ಈ ಸಲ ಮಗ್ಗಿ ಇರಲಿಲ್ಲ. ಬಾರಕೋಲಿನ ಒಂದೊಂದು ಏಟೂ ಪಡಸಾಲೆಗೆ ಬಂತು, ಏಟಿನ ಹಿಂದೆ ಹಲ್ಲು ಕಚ್ಚಿ ಬಿಡುವ ಉಸಿರೂ ಬಂತು. ಅಪ್ಪ ಅದರ ಮೇಲೆಯೇ ತನ್ನ ದನಿ ಎತ್ತಿ ಕೇಳಿದ:

“ಸುಣ್ಣ ಯಾತಕ್ಕ ಬೇಕಾಗತೈತಿ?”

“ಎಲಿ ತಿನ್ನಾಕ್ರಿ.” “ಗ್ವಾಡಿಗೆ ಬಳ್ಯಾಕ್ರಿ.” “ಬೆಲ್ಲಾ ಮಾಡುಮುಂದ ಕಬ್ಬಿನ ಹಾಲಿಗೆ ಹಾಕ್ತಾರ್ರಿ.”

ನಾನು ಎದ್ದು ನಿಂತೆ. ನನಗೆ ಉತ್ತರ ಗೊತ್ತಿತ್ತು, ಇಷ್ಟೇ.

“ಬಾತಲ್ಲಿ ಹಚ್ಚಾಕ. ಅರಿಷಿಣಾ ಕೂಡಿಸಿ.”

“ಯಾರಿಗೆ ಹಚ್ಚಿದ್ದು ನೋಡೀದಿ ನೀನು?”

“ನಮ್ಮ ದೊಡ್ಡವ್ವಗ.”

ಈ ಮಾತಿಗೆ ನಾನು ಎಂದೂ ಮರುಗಿಲ್ಲ. ಎಷ್ಟೋ ಜನ ನನ್ನನ್ನು ಬಾಯಿಬಡುಕಿ ಎಂದು ಕರೆದರು, ಕರೆಯಲಿ. ಒಳಗಿನ ಸಪ್ಪಳ ನಿಂತಿತು. ದೊಡ್ಡಪ್ಪ ಬಾರಕೋಲು ಹಿಡಿದೇ ಬಾಗಿಲಿಗೆ ಬಂದ. ಅವನ ಕಣ್ಣು ಕೆಂಪಗಾಗಿದ್ದವು, ಬೆರಳಿಗೆ ದೊಡ್ಡವ್ವನ ಕೂದಲು ಸುತ್ತಿಕೊಂಡಿತ್ತು.

“ಆಕಿ ಕತಿನೂ ಹೇಳಿದಿ, ಈಕಿ ಕತಿನೂ ಹೇಳಿಸಿದಿ. ನಮ್ಮ ಮನಿ ಹೆಂಗಸರನ್ನ ಎಷ್ಟ ಮಂದೀನ ಓಣ್ಯಾಗ ತರತೀಯೋ?”

ಅಪ್ಪ ನೀಲವ್ವ ಯಾವ ಮನೆಯವಳೆಂದು ಹೇಳಿರಲಿಲ್ಲ. ಅವನಿಗೂ ಗೊತ್ತಿತ್ತು, ಓಣಿಯ ಮುದುಕರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಅವಳು ನಮ್ಮ ಮನೆಯವಳೇ ಎಂದು ದೊಡ್ಡಪ್ಪ ತಾನೇ ಬಾಯಿ ಬಿಟ್ಟ. ಮಕ್ಕಳೆಲ್ಲ ತಲೆಯೆತ್ತಿ ನಮ್ಮ ಮನೆಯ ತೊಲೆ ಕಂಬಗಳನ್ನು ಮೊದಲ ಸಲ ಎಂಬಂತೆ ನೋಡಿದರು. ಅದನ್ನು ಕಂಡು ಅವನಿಗೆ ತಾನು ಆಡಿದ್ದು ಏನೆಂದು ತಿಳಿದಿರಬೇಕು, ಬಾರಕೋಲು ಬೀಸಿದ. ಮೊದಲ ಏಟಿಗೆ ಅಪ್ಪನ ಅಂಗಿ ಭುಜದಿಂದ ಸೊಂಟದವರೆಗೆ ಹರಿಯಿತು. ಅಪ್ಪ ಎದ್ದು ಓಡಲಿಲ್ಲ, ಕೈಯನ್ನೂ ಅಡ್ಡ ಹಿಡಿಯಲಿಲ್ಲ. ಕೂತಲ್ಲೇ ಕೂತು, ‘ಹೊಡಿ ಅಣ್ಣಾ, ಹುಡುಗೂರು ನೋಡ್ಲಿ’ ಎಂದ. ಆ ಮಾತು ದೊಡ್ಡಪ್ಪನನ್ನು ಹುಚ್ಚನನ್ನಾಗಿ ಮಾಡಿತು. ಬೆನ್ನು, ಕುತ್ತಿಗೆ, ಕಿವಿ ಎನ್ನದೆ ಹೊಡೆದ. ಮಕ್ಕಳ ಪಾಟಿಗಳ ಮೇಲೆ ರಕ್ತದ ಹನಿ ಬಿತ್ತು. ಕೆಲವರು ಅಳುತ್ತ ಎತ್ತುಗಳ ಕಾಲಿನ ನಡುವೆ ನುಸುಳಿ ಓಡಿದರು. ಅಷ್ಟರಲ್ಲಿ ದೊಡ್ಡವ್ವ ಒಳಗಿನಿಂದ ಬಂದು ಬಾರಕೋಲಿನ ತುದಿಯನ್ನು ಕೈಗೆ ಸುತ್ತಿ ಹಿಡಿದಳು. ಆಕೆ ಅವನೆದುರು ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು.

“ಮೈದುನನ್ನ ಬಿಡ್ರಿ. ಹೊಡೆಯೂದಿದ್ರ ನನ್ನ ಹೊಡೀರಿ. ನನಗ ರೂಢಿ ಆಗೈತಿ.”

ಅವನು ಬಾರಕೋಲು ಬಿಟ್ಟು ಗೋಡೆಗೆ ಆನಿಸಿದ್ದ ಒನಕೆ ಎತ್ತಿದ. ಆಕೆ ತಲೆ ಕಾಯಲು ತೋಳು ಮೇಲೆತ್ತಿದಳು. ಒನಕೆ ತೋಳಿನ ಮೇಲೆ ಬಿತ್ತು. ಒಣಗಿದ ಕಟ್ಟಿಗೆ ಮುರಿದಂತೆ ಸಪ್ಪಳವಾಯಿತು, ಮೊಳಕೈ ಕೆಳಗಿನ ಕೈ ಬೇರೆಯೇ ದಿಕ್ಕಿಗೆ ತೂಗಿತು. ಆಗಲೂ ಆಕೆ ಕೂಗಲಿಲ್ಲ. ನನ್ನ ಅವ್ವ ಕೂಗಿದಳು. ದೊಡ್ಡಪ್ಪ ಸೊಂಟದ ಚಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಎತ್ತಿನ ಗಂಜಲದಲ್ಲಿ ಎಸೆದ.

“ಈಗ ಹಚ್ಚಕೋ,” ಎಂದು ಹೊರಗೆ ಹೋದ.

ಅವ್ವ ಅಡಿಗೆಮನೆಯಲ್ಲಿ ದೀಪ ಹಚ್ಚಿದಳು. ದೊಡ್ಡವ್ವ ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಮಗುವಿನ ಹಾಗೆ ಹಿಡಿದುಕೊಂಡು ಹೊಸ್ತಿಲು ದಾಟಿದಳು. ನಾನು ಹಿಂದೆ ಹೋದೆ. ಆಕೆ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳಲಿಲ್ಲ, ಎಳೆದುಕೊಳ್ಳಲು ಕೈಯೂ ಇರಲಿಲ್ಲ. ಒಂದೊಂದು ಬಾಗಿಲಲ್ಲೂ ನಿಂತು, ‘ಯವ್ವಾ, ತುಸು ಸುಣ್ಣ ಕೊಡವಾ’ ಎಂದಳು. ಆ ಸಂಜೆ ಸಾಲೆಯಲ್ಲಿ ನಡೆದದ್ದನ್ನು ಮಕ್ಕಳು ಮನೆಮನೆಗೆ ಮುಟ್ಟಿಸಿದ್ದರು. ಬಂದವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಬಾಗಿಲು ಹಾಕಿದರು. ಒಂದು ಮನೆಯಿಂದ ಕುಡಗೋಲು ಹಾರಿಬಂದು ಆಕೆಯ ಹಿಮ್ಮಡಿಯನ್ನು ಸೀಳಿತು. ದೊಡ್ಡಪ್ಪ ಚಾವಡಿಯ ಕಟ್ಟೆಯ ಮೇಲೆ ಬರೀ ಅಡಿಕೆ ಅಗಿಯುತ್ತ ಕೂತು ಎಲ್ಲವನ್ನೂ ನೋಡುತ್ತಿದ್ದ. ಅವನ ಕಣ್ಣೆದುರು ಬಾಗಿಲು ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ನೀಲವ್ವನ ಹೆಸರು ಅವರಿಗೆ ಎಷ್ಟು ಅನುಕೂಲವಾಗಿತ್ತು ಎಂಬುದು ನನಗೆ ಆಗ ಹೊಳೆಯಿತು ಎಂದರೆ ಸುಳ್ಳಾದೀತು. ಆಗ ನಾನು ಬರೀ ಅಳುತ್ತಿದ್ದೆ.

ಓಣಿ ತಿರುಗಿ ಚಾವಡಿ ಮರೆಯಾದಲ್ಲಿ ಕುರುಬರ ಮನೆ. ಬಾಗಿಲಲ್ಲಿ ಬೀರನ ತಾಯಿ ಮಾಳವ್ವ ಕುಡಗೋಲು ಹಿಡಿದು ನಿಂತಿದ್ದಳು. ಬೀರ ಅವಳ ಸೀರೆ ಜಗ್ಗಿದ.

“ಯವ್ವಾ, ಈಕಿ ನೀಲವ್ವ ಅಲ್ಲ. ಮಾಸ್ತರ ಮನ್ಯಾಕಿ.”

“ಗೊತ್ತೈತಿ ಬಿಡೋ. ನೀಲವ್ವನ ಆಗಿದ್ರೂ ಇವತ್ತ ಕೊಡ್ತಿದ್ನಿ.”

ಮಾಳವ್ವ ಕುಡಗೋಲನ್ನು ಮಾಡಿನಲ್ಲಿ ಸಿಕ್ಕಿಸಿ, ಒಳಗಿನಿಂದ ಗಡಿಗೆಯೇ ತಂದು, ಸುಣ್ಣವನ್ನು ದೊಡ್ಡವ್ವನ ಅಂಗೈಯಲ್ಲಿ ಇಟ್ಟಳು. ದೊಡ್ಡವ್ವ ಆಗ ಅತ್ತಳು. ಮೂಳೆ ಮುರಿದಾಗ ಬಾರದ ಅಳು ಸುಣ್ಣ ಕೈಗೆ ಬಿದ್ದಾಗ ಬಂತು. ಬೀರನ ಅಪ್ಪ ಕುರಿಗಳ ಕಾಲು ಕಟ್ಟಿ ಬಲ್ಲವನು. ಬಿದಿರಿನ ಸೀಳು ಇಟ್ಟು, ಕರಿಯ ಉಣ್ಣೆಯಿಂದ ಕೈ ಕಟ್ಟಿದ. ಅಷ್ಟರಲ್ಲಿ ಅಪ್ಪ ಹಿತ್ತಲ ಹಾದಿಯಿಂದ ಬಂದ. ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು. ಅತ್ತಿಗೆಯ ಮುಖ ನೋಡಿ ಮಾತಾಡುವ ರೂಢಿ ಅವನಿಗೆ ಇರಲಿಲ್ಲ, ಅಂದು ನೋಡಿದ.

“ವೈನಿ, ಇನ್ನ ಮನಿಗೆ ಬರಬ್ಯಾಡ್ರಿ. ಬಂದ್ರ ಉಳಿಯಂಗಿಲ್ಲ ನೀವು.”

“ಎಲ್ಲಿಗೆ ಹೋಗ್ಲಿ ಮೈದುನಾ? ತವರಿಗೆ, ಹತ್ತರಗಿಗೆ ಹೋದ್ರ ನಮ್ಮಪ್ಪನೇ ನನ್ನ ಕರಕೊಂಡ ಬಂದು ಇಲ್ಲಿ ಬಿಡ್ತಾನ.”

ಉತ್ತರ ಕೊಟ್ಟವಳು ಮಾಳವ್ವ. ಅವರ ಕುರಿ ಹಿಂಡು ನಸುಕಿನಲ್ಲಿ ಹುಕ್ಕೇರಿ ಕಡೆಗೆ ಮೇಯಲು ಹೊರಡುವುದಿತ್ತು. ಕಂಬಳಿ ಹೊದ್ದು ಹಿಂಡಿನ ಹಿಂದೆ ನಡೆಯುವ ಹೆಂಗಸರಲ್ಲಿ ಒಬ್ಬಳು ಹೆಚ್ಚಾದರೆ ಯಾರು ನೋಡುತ್ತಾರೆ ಎಂದಳು. ದೊಡ್ಡವ್ವ ನನ್ನ ತಲೆ ಸವರಿದಳು. ಸುಣ್ಣ ಹತ್ತಿದ ಬೆರಳು ನನ್ನ ಹಣೆಗೆ ಚುರುಗುಟ್ಟಿತು.

ಬೆಳಗಾದ ಮೇಲೆ ಓಣಿಯವರಿಗೆ ಪೀಕಲಾಟ ಸುರುವಾಯಿತು. ಗಂಗವ್ವ ಎಲ್ಲಿ ಎಂದು ಕೇಳಬೇಕು, ಆದರೆ ಕೇಳಿದರೆ ತಾವು ಬಾಗಿಲು ಹಾಕಿದ್ದು ಬರುತ್ತದೆ. ದೊಡ್ಡಪ್ಪನೇ ಅವರನ್ನು ಪಾರು ಮಾಡಿದ. ಚಾವಡಿಯಲ್ಲಿ ನಿಂತು, ನನ್ನ ಹೆಂಡತಿ ನಿನ್ನೆ ಹಗಲೇ ತವರಿಗೆ ಹೋಗಿದ್ದಾಳೆ, ಸಂಜೆ ಓಣಿಯಲ್ಲಿ ತಿರುಗಿದವಳು ಅವಳಲ್ಲ ಎಂದ. ಹಾಗಾದರೆ ಯಾರು ಎಂದು ಯಾರೂ ಕೇಳಲಿಲ್ಲ. ಕೇಳುವ ಗರಜೂ ಇರಲಿಲ್ಲ. ಸಂಜೆಯೊಳಗೆ ನೀಲವ್ವ ಬಂದಿದ್ದಳು ಎಂಬ ಸುದ್ದಿ ಊರ ತುಂಬ ಆಯಿತು, ಅವಳ ಕಾಲು ಹಿಂದುಮುಂದಾಗಿತ್ತು ಎಂದು ಕುಡಗೋಲು ಎಸೆದವರೇ ಹೇಳಿದರು. ದೆವ್ವ ಹೇಗೆ ಹುಟ್ಟುತ್ತದೆ ಎಂದು ಅಪ್ಪ ಮಾಡಿದ ಪಾಠವನ್ನು ಓಣಿ ಒಂದೇ ದಿನದಲ್ಲಿ ಮಾಡಿ ತೋರಿಸಿತು. ದೊಡ್ಡಪ್ಪ ಗುಟ್ಟಾಗಿ ಹತ್ತರಗಿಗೆ ಹೋಗಿ ಬಂದ. ಆಕೆ ಅಲ್ಲಿ ಇರಲಿಲ್ಲ. ಹೊಳೆಯ ದಂಡೆ, ಹಾಳು ಬಾವಿ ಎಲ್ಲ ಹುಡುಕಿದ. ಬಂದು ಕಟ್ಟೆಯ ಮೇಲೆ ಕೂತವನು ಬಹಳ ಬದಲಾಗಿದ್ದ. ತಾನು ಕಟ್ಟಿದ ಸುಳ್ಳು ಅವನನ್ನೇ ಹಿಡಿಯಿತು. ಸತ್ತೇ ಹೋದಳು, ಸತ್ತ ಮೇಲೆಯೇ ಸುಣ್ಣ ಕೇಳುತ್ತ ಬಂದಳು ಎಂದು ನಂಬತೊಡಗಿದ. ದೀಪ ಹಚ್ಚುವ ಹೊತ್ತಿಗೆ ಮನೆಯ ಎಲ್ಲ ಕುಡಗೋಲುಗಳನ್ನೂ ಹೊಸ್ತಿಲ ಮೇಲೆ ಸಾಲಾಗಿ ಇಡುತ್ತಿದ್ದ. ಬೆಕ್ಕು ಬಾಗಿಲು ಕೆರೆದರೂ ಬೆವರುತ್ತಿದ್ದ. ಬೇರೊಂದು ಮದುವೆಗೆ ಅಲೆದ, ದೆವ್ವದ ಮನೆಗೆ ಹೆಣ್ಣು ಕೊಡುವವರು ಸಿಗಲಿಲ್ಲ. ಬಾರಕೋಲು ಗೂಟದಲ್ಲೇ ಒಣಗಿತು. ಅಪ್ಪ ಮತ್ತೆ ಆ ಪಡಸಾಲೆಯಲ್ಲಿ ಮಗ್ಗಿ ಹೇಳಿಸಲಿಲ್ಲ, ಅಣ್ಣನ ಸಂಗಡ ಮಾತಾಡಲೂ ಇಲ್ಲ.

ನಾನು ಮದುವೆಯಾಗಿ ಹುಕ್ಕೇರಿಗೆ ಹೋದ ಮೇಲೆ ಅಪ್ಪ ಒಮ್ಮೆ ಬಂದು, ಧುಪದಾಳಕ್ಕೆ ಹೋಗಿ ಬರೋಣ ಬಾ ಎಂದ. ಯಾಕೆಂದು ಹೇಳಲಿಲ್ಲ. ಹೊಳೆಗೆ ಕಟ್ಟಿದ ಒಡ್ಡಿನ ಮೇಲಿಂದ ನೀರು ಭೋರೆಂದು ಧುಮುಕುತ್ತಿತ್ತು. ಅದರ ಆಚೆ ಕಾಲುವೆಯ ಕೂಲಿಯವರಿಗೆ ರೊಟ್ಟಿ ಮಾಡಿ ಹಾಕುವ ಒಂದು ಗುಡಿಸಲು. ಒಲೆಯ ಮುಂದೆ ಕೂತು ಒಬ್ಬ ಹೆಂಗಸು ಒಂದೇ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಸೊಟ್ಟಗಾದ ಇನ್ನೊಂದು ಕೈ ಹಿಟ್ಟು ಒತ್ತಿ ಹಿಡಿದಿತ್ತು. ಮೈ ತುಂಬಿಕೊಂಡಿತ್ತು, ದನಿ ದೊಡ್ಡದಾಗಿತ್ತು. ಕೂಲಿಯ ಗಂಡಸರನ್ನು ಗದರಿಸುತ್ತಿದ್ದಳು, ಅವರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ನಾನು ಅವಳ ಕೊರಳಿಗೆ ಬಿದ್ದೆ. ಗಂಗಾಳದ ಮೇಲೆ ಬಿಸಿ ರೊಟ್ಟಿ, ಝುಣಕ, ಬೆಣ್ಣೆ ಬಂತು. ಅಪ್ಪ ಹೊರಗೆ ನೀರು ನೋಡುತ್ತ ನಿಂತ. ಉಣ್ಣುತ್ತ ನಾನು ಊರ ಸುದ್ದಿಯೆಲ್ಲ ಹೇಳಿದೆ. ಕಲ್ಲೋಳಿಯಲ್ಲಿ ಈಗ ನೀಲವ್ವನ ಜೋಡಿಗೆ ಗಂಗವ್ವನೂ ಬರುತ್ತಾಳಂತೆ, ಮುರಿದ ಕೈ ಚಾಚಿ ಸುಣ್ಣ ಕೇಳುತ್ತಾಳಂತೆ, ಮಕ್ಕಳು ಕತೆ ಕಟ್ಟಿದ್ದಾರೆ ಎಂದೆ. ದೊಡ್ಡವ್ವ ಹೊಟ್ಟೆ ಹಿಡಿದು ನಕ್ಕಳು.

“ನಿಮ್ಮ ದೊಡ್ಡಪ್ಪ ಏನಂತಾನ?”

“ಅಂಜತಾನ. ದೀಪಾ ಹಚ್ಚಿದ ಮ್ಯಾಲ ಬಾಗಲಾ ತಗ್ಯಾಂಗಿಲ್ಲ. ನಿನ್ನ ಹೆಸರು ಯಾರರ ತಗದ್ರ ನಡಗತಾನ. ಈಗೀಗ ನೆಲಾ ಹಿಡದಾನ, ನಾ ಏನರ ಆಕಿನ್ನ ಕೊಂದ್ನೇನು, ನಾ ಕೊಂದ್ನೇನು ಅಂತ ಬರೇ ಅದನ್ನ ಕೇಳತಾನ. ನೀ ಬದಕೀದಿ ಅಂತ ಒಂದು ಮಾತು ಹೇಳಲೇನ ದೊಡ್ಡವ್ವಾ? ಸಾಯುಮುಂದರ ಜೀವಕ್ಕ ಸಮಾಧಾನ ಆದೀತು.”

ಆಕೆಯ ನಗು ಹೋಯಿತು. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ಅದು ಉಬ್ಬುವ ತನಕ ನೋಡುತ್ತ ಕೂತು, ಅದನ್ನು ನನ್ನ ಗಂಗಾಳಕ್ಕೆ ಹಾಕಿದಳು.

“ಹೇಳಬ್ಯಾಡ.”